ಅಕ್ಕ ಬಿದ್ದ ಶಾಟ್

ಮಾರ್ಚ್ 6, ಶುಕ್ರವಾರ

ಅಂಗಡಿಯಲ್ಲಿ ಇವತ್ತು ಫ್ರೇಮಿಗೆ ಕೂರಿಸುವಾಗ ಮತ್ತೊಂದು ಕನ್ನಡಕದ ಗಾಜು ಅಂಚಿನಲ್ಲಿ ಚಕ್ಕೆ ಎದ್ದಿತು. ಗಮನ ಎಲ್ಲೋ. ಅಂಗಡಿ ಯಜಮಾನರು ಬೈಯಲಿಲ್ಲ, ಫ್ರೇಮನ್ನು ನನ್ನ ಕೈಯಿಂದ ತೆಗೆದಿಟ್ಟರು. ‘ನಿಮ್ಮಕ್ಕನ ಸಿನಿಮಾ ಬಂದಿದೆಯಂತಲ್ಲ. ನಾಳೆ ಮಧ್ಯಾಹ್ನ ಹೋಗಿ ನೋಡ್ಕೊಂಡು ಬಾಮ್ಮ.’

ಅಕ್ಕನ ಸಿನಿಮಾ! ಪೋಸ್ಟರಿನಲ್ಲಿರುವುದು ಹೀರೋಯಿನ್. ಅವಳು ಹಾರಬೇಕಾದಾಗ, ಬೀಳಬೇಕಾದಾಗ ಅವಳ ಬಟ್ಟೆ ತೊಟ್ಟು ಬೀಳುತ್ತಿದ್ದವಳು ಅಕ್ಕ. ಡ್ಯೂಪ್. ಎರಡು ವರ್ಷದ ಹಿಂದೆ ಇದೇ ಶೂಟಿಂಗಿನಲ್ಲಿ ಬೆನ್ನಿಗೆ ಕಟ್ಟಿದ್ದ ಹಗ್ಗದ ಕೊಕ್ಕೆ ಬಿಚ್ಚಿಕೊಂಡಿತು. ಅಂದಿನಿಂದ ಗಾಲಿಕುರ್ಚಿ. ಫೈಟ್ ಮಾಸ್ಟರ್ ಆಸ್ಪತ್ರೆಗೆ ಬಂದು ಅಮ್ಮನ ಕೈ ಹಿಡಿದು ಹೇಳಿದ್ದರು — ‘ಆ ಶಾಟ್ ಅಳಿಸಿ ಹಾಕಿಸ್ತೀನಿ ತಾಯಿ, ಯಾರೂ ನೋಡಲ್ಲ.’

ಮನೆಯಲ್ಲಿ ಸಿನಿಮಾದ ಸೊಲ್ಲೆತ್ತುವಂತಿಲ್ಲ. ಅಮ್ಮನಿಗೆ ಹೇಳದೆ ಹೋಗಬೇಕು.

ಮಾರ್ಚ್ 7, ಶನಿವಾರ, ಸಂಜೆ

ಅಕ್ಷರ ನನ್ನದೇ ಅನ್ನಿಸುತ್ತಿಲ್ಲ.

ಮೊದಲು ಸಿನಿಮಾ. ಒಂದು ಕಟ್ಟಡ. ಒಂದೊಂದು ಮಹಡಿ ಒಂದೊಂದು ದಿನ. ಕಿಟಕಿಯಿಂದ ಕೆಳಗೆ ಬಿದ್ದರೆ ನಿನ್ನೆಗೆ ಹೋಗಿ ಸೇರುತ್ತಾರೆ. ಹೀರೋಯಿನ್ ತನ್ನ ಮಗುವನ್ನು ಉಳಿಸಿಕೊಳ್ಳಲು ದಿನದಿಂದ ದಿನಕ್ಕೆ ಬೀಳುತ್ತಾ ಹೋಗುತ್ತಾಳೆ. ತಲೆ ಗಿರ್ರೆಂದಿತು. ಅರ್ಧ ಅರ್ಥವಾಗಲಿಲ್ಲ, ಆದರೂ ಕಣ್ಣು ಕೀಳಲಾಗಲಿಲ್ಲ. ಅವಳ ಹಿಂದೆಯೇ ಕಿಟಕಿಯಿಂದ ಬೀಳುವ ವಿಲನ್ ಲಿಫ್ಟಿನಲ್ಲಿ ಇಳಿಯಬಾರದಿತ್ತೇ? ಪಕ್ಕದ ಸೀಟಿನ ಅಜ್ಜನೂ ಅದನ್ನೇ ಗೊಣಗಿದರು. ನಗು ಬಂತು.

ಆಮೇಲೆ ಆ ಬೀಳುವ ಶಾಟ್.

ಅಕ್ಕ ಹೇಗೆ ಬೀಳುತ್ತಿದ್ದಳೆಂದು ನನಗೆ ಗೊತ್ತು. ಮನೆಯ ಅಟ್ಟದಿಂದ ಹಾಸಿಗೆ ಮೇಲೆ ಹಾರಿ ಹಾರಿ ಕಲಿತವಳು. ಕೈ ಎದೆಗೆ ಕಟ್ಟಿ, ಗದ್ದ ಒತ್ತಿ, ಮೂಟೆಯ ಹಾಗೆ ಬೀಳುತ್ತಿದ್ದಳು. ಈ ಶಾಟಿನಲ್ಲಿ ಹಾಗಿರಲಿಲ್ಲ. ಬಲಗೈ ಬೆನ್ನ ಹಿಂದೆ ಹೋಗಿ ಏನನ್ನೋ ತಡಕಾಡುತ್ತಿತ್ತು.

ಕೊಕ್ಕೆ. ಕೊಕ್ಕೆ ಹುಡುಕುತ್ತಿತ್ತು.

ನೆಲ ಮುಟ್ಟುವ ಮೊದಲೇ ಕಟ್ ಮಾಡಿದ್ದಾರೆ. ಜನ ಶಿಳ್ಳೆ ಹಾಕಿದರು. ನಾನು ಬಾಯಿಗೆ ಸೆರಗು ಒತ್ತಿಕೊಂಡೆ. ಅಷ್ಟಕ್ಕೇ ಮುಗಿಯಲಿಲ್ಲ. ಕೊನೆಯಲ್ಲಿ ಕಾಲ ಹಿಂದಕ್ಕೆ ತಿರುಗುತ್ತದೆ — ಅದೇ ಶಾಟ್, ತಿರುಗುಮುರುಗಾಗಿ. ಅಕ್ಕ ಮೇಲಕ್ಕೆ ಏರುತ್ತಾಳೆ. ಮೆಲ್ಲಗೆ. ಕಿಟಕಿಯೊಳಗೆ ಹೋಗಿ ಎರಡು ಕಾಲಿನ ಮೇಲೆ ನಿಲ್ಲುತ್ತಾಳೆ.

ಅಷ್ಟು ಚೆಂದದ್ದನ್ನು ನಾನು ನೋಡಿಯೇ ಇಲ್ಲ. ಬರೆಯಲೂ ನಾಚಿಕೆ… ಇನ್ನೊಮ್ಮೆ ನೋಡಬೇಕು ಅನ್ನಿಸಿತು.

ಮಾರ್ಚ್ 10, ಮಂಗಳವಾರ

ಅಕ್ಕನ ಮುಖ ನೋಡಲಾಗುತ್ತಿಲ್ಲ. ಟಿವಿಯಲ್ಲಿ ಟ್ರೇಲರ್ ಬಂತು. ಅಮ್ಮ ಎದ್ದು ಹೋಗಿ ಪ್ಲಗ್ಗನ್ನೇ ಕಿತ್ತರು.

ಮಾರ್ಚ್ 13, ಶುಕ್ರವಾರ

ತಡೆಯಲಾಗಲಿಲ್ಲ. ಅಕ್ಕನ ಕಾಲಿಗೆ ಎಣ್ಣೆ ಹಚ್ಚುತ್ತಾ ಬಾಯಿಬಿಟ್ಟೆ.

‘ಸಿನಿಮಾ ನೋಡ್ದೆ ಅಕ್ಕ. ಆ ಮಾಸ್ಟರ್ ಮೋಸ ಮಾಡ್ಬಿಟ್ರು. ಶಾಟ್ ಅಳಿಸಿಲ್ಲ. ಅವರನ್ನ ಸುಮ್ನೆ ಬಿಡಬಾರ್ದು.’

ಅಕ್ಕ ನನ್ನನ್ನೇ ನೋಡಿದಳು. ‘ಇಟ್ಟಿದ್ದಾರಾ? ಪೂರ್ತಿ ಇಟ್ಟಿದ್ದಾರಾ?’

‘ಇಡ್ತಾರೆ ಅಂತ ನಿಂಗೆ ಗೊತ್ತಿತ್ತಾ!’

‘ನಾನೇ ಫೋನ್ ಮಾಡಿ ಹೇಳಿದ್ದು ಕಣೇ, ಅಳಿಸ್ಬೇಡಿ ಅಂತ. ಪಾಪ, ಮಾಸ್ಟರ್ ಅತ್ತರು. ಸೊಂಟ ಹೋಯ್ತು. ಶಾಟೂ ಹೋಗ್ಬೇಕಾ?’

ಎಣ್ಣೆಯ ಕೈ ಹಾಗೇ ನಿಂತಿತು. ಎರಡು ವರ್ಷ ಒಂದೇ ಕೋಣೆಯಲ್ಲಿ ಮಲಗಿದ್ದೇವೆ, ಒಂದು ಮಾತು ಹೇಳಿಲ್ಲ ಇವಳು.

ಬಾಗಿಲಲ್ಲಿ ಅಮ್ಮ. ಒಗೆದ ಬಟ್ಟೆಯ ರಾಶಿ ಎದೆಗವಚಿಕೊಂಡು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಈಗ ಕೂಗಾಟಕ್ಕೆ ಮನೆಯ ಸೂರೇ ಹಾರಿಹೋಗುತ್ತೆ ಅಂದುಕೊಂಡೆ. ಅಮ್ಮ ಬಟ್ಟೆ ಮಂಚದ ಮೇಲಿಟ್ಟು ಒಂದೊಂದಾಗಿ ಮಡಚತೊಡಗಿದರು.

‘ಟಿಕೆಟ್ ತಗೊಳೋದಾದ್ರೆ ನಂಗೂ ಸೇರಿಸಿ ತಗೋ.’

ಮಾರ್ಚ್ 15, ಭಾನುವಾರ

ಹೋಗಿ ಬಂದೆವು. ಅಕ್ಕನ ಕುರ್ಚಿ ಸಾಲಿನ ತುದಿಗೆ, ನಾನು ನಡುವೆ, ಆಚೆ ಅಮ್ಮ.

ಬೀಳುವ ಹೊತ್ತಿಗೆ ಅಕ್ಕ ಮುಂದಕ್ಕೆ ಬಾಗಿದಳು. ಕಣ್ಣು ಮಿಟುಕಿಸಲಿಲ್ಲ. ಶಿಳ್ಳೆ ಬಿದ್ದಾಗ ಸುತ್ತ ತಿರುಗಿ ನೋಡಿದಳು, ಯಾರು ಹಾಕಿದ್ದು ಅಂತ. ಅಮ್ಮ ಕಣ್ಣು ಮುಚ್ಚಿಕೊಂಡಿದ್ದರು.

ಹಿಂದಕ್ಕೆ ತಿರುಗುವ ದೃಶ್ಯದಲ್ಲಿ ಮಾತ್ರ ಅಮ್ಮ ಕಣ್ಣು ತೆರೆದರು. ಪರದೆಯ ಮೇಲೆ ಅಕ್ಕ ಮೇಲೇರಿದಳು, ಕಿಟಕಿಯಲ್ಲಿ ನಿಂತಳು. ಅಮ್ಮ ನನ್ನ ರಟ್ಟೆ ಹಿಡಿದು, ಮಗುವಿನ ಹಾಗೆ ಕೇಳಿದರು — ‘ಇಲ್ಲಿಗೇ ನಿಲ್ಸೋಕೆ ಹೇಳೋಕಾಗಲ್ವೇನೇ?’

ಅಷ್ಟರಲ್ಲಿ ಮುಂದಿನ ದೃಶ್ಯ ಬಂದೇಬಿಟ್ಟಿತು.

ಹೊರಗೆ ಬಂದ ಮೇಲೆ ಅಮ್ಮ ಮುಖ ತೊಳೆಯಲು ಹೋದರು. ಅಕ್ಕ ನನ್ನ ಕೈ ಎಳೆದಳು. ಪರೀಕ್ಷೆ ಬರೆದು ಬಂದವಳ ಮುಖ.

‘ನಿಜ ಹೇಳು. ಚೆನ್ನಾಗಿ ಬಿದ್ದೆ ತಾನೆ?’

‘ತುಂಬಾ ಚೆನ್ನಾಗಿ ಬಿದ್ದೆ’ ಅಂದೆ. ಸುಳ್ಳಲ್ಲ. ಅಕ್ಕ ನಕ್ಕಳು — ಬಿದ್ದ ಮೇಲೆ ಮೊದಲ ಸಲ ಹಲ್ಲು ಕಾಣುವಷ್ಟು. ಆದರೆ ಕೊಕ್ಕೆಗಾಗಿ ತಡಕಾಡುತ್ತಿದ್ದ ಆ ಬಲಗೈ… ಅವಳು ನಗುತ್ತಿರುವಾಗಲೂ ನನಗೆ ಕಾಣುತ್ತಿದ್ದದ್ದು ಅದೇ. ಅದನ್ನು ಅವಳಿಗೆ ಹೇಗೆ ಹೇಳಲಿ.