ಬಸ್ಸಿನಲ್ಲಿ ಅವ್ವನಿಗೆ ಹೇಳಿದ ಅರ್ಥ

ಬನಹಟ್ಟಿ
೧೨ ಫೆಬ್ರುವರಿ ೨೦೨೫

ತಮ್ಮ ಗೌರೀಶನಿಗೆ,

ಹೋದ ದೀಪಾವಳಿಯ ಮರುವಾರ ನೀನು ಅವ್ವನ ಟ್ರಂಕಿನಿಂದ ಅಪ್ಪ ನೇಯ್ದ ಕೊನೆಯ ಸೀರೆಯನ್ನು ಒಯ್ದೆ. "ತೋರಿಸಿ ತರ್ತೇನಿ ಬೇ" ಎಂದಿದ್ದೆ. ಇರಲಿ, ನಿನ್ನ ಮೊಣಕಾಲು ಹೇಗಿದೆ? ಮುಧೋಳದಿಂದ ಒಂದು ತಾಸಿನ ದಾರಿ, ಅವ್ವ ತೀರಿಕೊಂಡಾಗ ಮಣ್ಣಿಗೆ ಬರಲಾರದಷ್ಟು ನೋವೆಂದು ನಿನ್ನ ಹೆಂಡತಿ ಅಕ್ಷತಾ ಫೋನಿನಲ್ಲಿ ಹೇಳಿದ್ದಳು. ಮೂರನೆಯ ದಿನ ಪತ್ರಿಕೆಯಲ್ಲಿ ನೀನು ಯಾವುದೋ ವೇದಿಕೆಯ ಮೆಟ್ಟಿಲು ಹತ್ತುತ್ತಿರುವ ಚಿತ್ರ ನೋಡಿ ಸಮಾಧಾನವಾಯಿತು.

ತನ್ನ ಮಣ್ಣಿಗೆ ಅದನ್ನೇ ಹೊದಿಸಬೇಕೆಂದು ಅವ್ವ ಇಪ್ಪತ್ತೆರಡು ವರ್ಷ ಬೇವಿನ ಎಲೆ ಬದಲಿಸುತ್ತ ಆ ಸೀರೆ ಕಾಪಾಡಿದ್ದಳು. ನೀನು ಅದನ್ನು ಪ್ರದರ್ಶನದಲ್ಲಿ ನಿನ್ನ ಕೈಯ ನೇಯ್ಗೆ ಎಂದು ತೂಗುಹಾಕಿ, ಬಹುಮಾನ ಪಡೆದು, ಅಲ್ಲೇ ಮಾರಿಬಿಟ್ಟೆ. ಮಗ್ಗದ ಕುಣಿಗೆ ಒಮ್ಮೆಯೂ ಕಾಲಿಳಿಸದವನು ನೀನು! ಸೀರೆ ಕೇಳಲು ಅವ್ವನನ್ನು ಕರೆದುಕೊಂಡು ನಾನು ನಿನ್ನ ಅಂಗಡಿಗೆ ಬಂದಾಗ ಗಿರಾಕಿಗಳ ಮುಂದೆ ನೀನು ಏನೆಂದೆ? "ಮೂರು ಹೊಸಾ ಸೀರಿ ಕೊಡ್ತೇನಂದ್ರೂ ಅದೇ ಬೇಕಂತಾಳ. ಅವ್ವ ಭಾಳ ಗ್ರೀಡಿ ಆಗ್ಯಾಳ ನೋಡ್ರಿ." ಅವರು ನಕ್ಕರು. ಅರ್ಥವಾಗದ ಅವ್ವನೂ ನಕ್ಕಳು. ಬಸ್ಸಿನಲ್ಲಿ ಕೇಳಿದಳು: "ಗ್ರೀಡಿ ಅಂದ್ರ ಏನೋ ಪ್ರಭು?"

ದುರಾಸೆಯವಳು ಎನ್ನಲು ನನಗೆ ನಾಲಗೆ ಏಳಲಿಲ್ಲ. ಆ ಪದದ ಹಳೆಯ ಬೇರಿನಲ್ಲಿ ಹಸಿದವರು ಎಂಬ ಅರ್ಥವಿತ್ತೆಂದು ನಿಘಂಟಿನಲ್ಲಿ ಓದಿದ್ದೆ. ಅದನ್ನೇ ಹೇಳಿದೆ. ಅವ್ವನ ಮುಖ ಅರಳಿತು. "ಖರೇನ, ಮುಂಜಾನಿಂದ ಏನೂ ಉಂಡಿದ್ದಿಲ್ಲ. ಮಾರಿ ನೋಡಿದ ಕೂಡ್ಲೇ ಅಂವಗ ತಿಳೀತು ನೋಡು!" ಸಾಯುವವರೆಗೂ ಓಣಿಯ ತುಂಬ ಅದನ್ನೇ ಹೇಳಿಕೊಂಡು ತಿರುಗಿದಳು, ಮಗ ತನ್ನ ಹಸಿವು ಗುರುತಿಸಿದನೆಂದು.

ಆ ಪದವನ್ನು ನಿನ್ನ ಮೇಲೆ ತಿರುಗಿಸಲಾರೆ. ನೀನು ಎಂದೂ ಹಸಿದವನಲ್ಲ, ನಿನಗೆ ಬಡಿಸಿದ ಮೇಲೆಯೇ ಅವ್ವ ಕೂರುತ್ತಿದ್ದಳು. ನಿನಗೆ ಸಲ್ಲುವ ಇಂಗ್ಲಿಷ್ ಪದ ಬೇರೆ ಇದೆ: ರಪೇಶಸ್. ಕಸಿಯುವುದು ಎಂಬರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಹದ್ದು, ಗಿಡುಗಗಳನ್ನು ರ‍್ಯಾಪ್ಟರ್ ಎನ್ನುವುದೂ ಅದೇ ಬೇರಿನಿಂದ. ಅದರಲ್ಲಿ ಹಸಿವಿನ ಮಾತೇ ಇಲ್ಲ, ಉಗುರು ಮಾತ್ರ.

ಅವಸರದಲ್ಲಿ ಕೊಂಡು ತಂದ, ಬಾರ್‌ಕೋಡ್ ಚೀಟಿ ಕೀಳಲೂ ಮರೆತ ಪಾಲಿಸ್ಟರ್ ಸೀರೆಯಲ್ಲಿ ಅವ್ವನನ್ನು ಮಣ್ಣು ಮಾಡಿದೆವು.

ನೂರು ವರ್ಷ ಬಾಳು. ನೆನಪು ಮಾತ್ರ ಒಂದೂ ಮಾಸದಿರಲಿ. ಮಕ್ಕಳಿಗೆ ಆಶೀರ್ವಾದ.

ನಿನ್ನ ಅಣ್ಣ,
ಪ್ರಭುಲಿಂಗ

ತಾ.ಕ.: ಬರುವ ರವಿವಾರ ರಬಕವಿಯಲ್ಲಿ ನೇಕಾರರು ಆ ಬಹುಮಾನದ ಸಲುವಾಗಿ ನಿನಗೆ ಸನ್ಮಾನ ಮಾಡುತ್ತಾರಂತೆ. ಈ ಪತ್ರದ ಇನ್ನೂರು ಪ್ರತಿ ತೆಗೆಸಿದ್ದೇನೆ, ಸಭೆಯ ಬಾಗಿಲಲ್ಲಿ ಹಂಚುತ್ತೇನೆ. ಶಾಲು ಹೊದಿಸಿಕೊಳ್ಳುವ ಮೊದಲು ಮೈಕಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳು: ಆ ಸೀರೆ ನೇಯ್ದವರು ಯಾರು, ಅದು ಈಗ ಯಾರ ಮೈಮೇಲೆ ಇರಬೇಕಿತ್ತು?