ಬಾಲವಿರುವ ಶಿಲುಬೆ

ಪ್ರೀತಿಯ ಅತ್ತಿಗೆ,

ಅಕ್ಷರ ಕಾಗೆ ಕಾಲು ಗುಬ್ಬಿ ಕಾಲಾಗಿದ್ದರೆ ಬೈದುಕೊಳ್ಳಬೇಡಿ, ಹಾಳೆ ಮೊಣಕಾಲ ಮೇಲಿದೆ. ನಿಮ್ಮ ಬೇಕರಿಯ ಎದುರಿನ ಟೈಲರ್ ಅಂಗಡಿಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಆರಾಧನೆ ಮುಗಿಯುವವರೆಗೂ ಕಾಯದೆ ಓಡಿಬಂದೆ. ಐವತ್ತೆಂಟು ವರ್ಷದ ಹೆಂಗಸು ಹೊಸ ಬಿಳಿ ಬಟ್ಟೆ ತೊಟ್ಟು ನಡುರಸ್ತೆಯಲ್ಲಿ ಓಡಿದ್ದನ್ನು ಊರೆಲ್ಲ ನೋಡಿದೆ, ನೋಡಲಿ! ನಿಮ್ಮ ಶಟರ್ ಬಡಿಯಲು ಕೈ ಎತ್ತಿದೆ, ಧೈರ್ಯ ಸಾಲಲಿಲ್ಲ. ಶಟರಿನ ಕೆಳಗೆ ಎರಡು ಬೆರಳಿನಷ್ಟು ಸಂದಿ ಇದೆ. ಅದಕ್ಕೇ ಈ ಕಾಗದ. ಅತ್ತಿಗೆ, ಅಣ್ಣ ಎದ್ದು ಕೂತನಾ? ಎದ್ದು ಕೂತ ತಾನೇ?

ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳುತ್ತೀರಿ. ತಡೆಯಿರಿ, ಮೊದಲು ಇನ್ನೊಂದು ಮಾತು ಹೇಳಬೇಕು. ನಿಮಗೆ ಗೊತ್ತಿರುವುದೇ, ಆದರೆ ನನ್ನ ಬಾಯಿಂದ ನೀವು ಕೇಳಿಲ್ಲ.

ಅಣ್ಣನ ಬಲಭಾಗಕ್ಕೆ ಲಕ್ವ ಹೊಡೆದ ಹತ್ತನೆಯ ದಿನ ನಾನು ನಮ್ಮ ಚರ್ಚಿನ ಸಭೆಯ ಹದಿನೆಂಟು ಜನರನ್ನು ಕಟ್ಟಿಕೊಂಡು ಬೇಕರಿ ಹಿಂದಿನ ನಿಮ್ಮ ಮನೆಗೆ ನುಗ್ಗಿದೆ. ದೂರದಿಂದ ಬಂದಿದ್ದ ದೊಡ್ಡ ಬೋಧಕರೂ ಜೊತೆಗಿದ್ದರು. ನಿಜ ಹೇಳಲೇ? ಅವರಿದ್ದಾರೆಂದೇ ಅವತ್ತು ಬಂದೆ. ಅದಕ್ಕೆ ಮುಂಚಿನ ಒಂಬತ್ತು ದಿನ ಒಡಹುಟ್ಟಿದ ಅಣ್ಣನನ್ನು ನೋಡಲು ನನಗೆ ಪುರುಸೊತ್ತಿರಲಿಲ್ಲ. ನನ್ನ ಹತ್ತಿರ ಎಲ್ಲದಕ್ಕೂ ಸಿದ್ಧ ಪ್ರಾರ್ಥನೆ ಇರುತ್ತಿತ್ತಲ್ಲ! ಹೊಸ ಮನೆಗೊಂದು, ಮದುವೆಗೊಂದು, ಕಾಯಿಲೆಗೊಂದು, ಸಾವಿಗೊಂದು. ಎಲ್ಲವೂ ಬಾಯಿಪಾಠ. ಎಲ್ಲಿ ದನಿ ಏರಿಸಬೇಕು, ಎಲ್ಲಿ ಗಂಟಲು ಕಟ್ಟಿದಂತೆ ನಿಲ್ಲಿಸಬೇಕು ಎನ್ನುವುದೂ ಅದರಲ್ಲೇ ಸೇರಿತ್ತು. ಅಣ್ಣ ಸುಮ್ಮನೆ ನನ್ನನ್ನು ‘ಮೈಕಮ್ಮ’ ಎನ್ನುತ್ತಿರಲಿಲ್ಲ.

ಅಣ್ಣನ ಎದೆಯ ಮೇಲೆ ಕೈಯಿಟ್ಟೆ, ಕಣ್ಣು ಮುಚ್ಚಿದೆ, ಶುರು ಮಾಡಿದೆ. “ಓ ಕರ್ತನೇ, ನಿನ್ನ ಈ ದಾಸನು ತನ್ನ ಪಾಲಿನ ಕೆಲಸ ಮುಗಿಸಿ ನಿನ್ನ ಬಳಿಗೆ ಬಂದಿದ್ದಾನೆ. ಅವನನ್ನು ಕಳೆದುಕೊಂಡ ಈ ಕುಟುಂಬವನ್ನು ಸಂತೈಸು...” ಮಣ್ಣು ಮಾಡುವ ದಿನ ಹೇಳುವ ಪ್ರಾರ್ಥನೆ ಅದು, ಅತ್ತಿಗೆ! ನಾಲಿಗೆ ತಾನಾಗಿ ಆ ದಾರಿ ಹಿಡಿದಿತ್ತು, ಮನಸ್ಸು ಬೋಧಕರು ಮೆಚ್ಚಿದರೋ ಇಲ್ಲವೋ ಎಂದು ನೋಡುತ್ತಿತ್ತು. ಹದಿನೆಂಟು ಜನವೂ ‘ಆಮೆನ್’ ಅಂದರು, ಬೋಧಕರೂ ಅಂದರು. ಒಬ್ಬರಿಗೂ ಗೊತ್ತಾಗಲಿಲ್ಲ. ಗೊತ್ತಾದದ್ದು ಅಣ್ಣನಿಗೆ. ಒಂದು ಕಣ್ಣು ತೆರೆದು, ಸೊಟ್ಟಗಾಗಿದ್ದ ಬಾಯಲ್ಲಿ ತಡವರಿಸುತ್ತಾ ಕೇಳಿದ, “ಯಾರು... ಹೋದ್ರು ಪುಟ್ಟಿ?”

ನೀವು ಒಗೆದ ದುಪ್ಪಟಿ ಹಿಡಿದು ಬಾಗಿಲಲ್ಲಿ ನಿಂತಿದ್ದಿರಿ. “ಯಾರೂ ಹೋಗಿಲ್ಲ, ನೀವು ಮಲಗಿ” ಎಂದು ಅವನಿಗೆ ಹೇಳಿದಿರಿ. ಆಮೇಲೆ ದನಿ ಏರಿಸದೆ ನನಗೆ, “ಪುಟ್ಟಿ, ಸ್ವಲ್ಪ ಸರಿ. ಹಾಸಿಗೆ ಒದ್ದೆ ಆಗಿದೆ. ಇಷ್ಟು ಹೊತ್ತು ಪಕ್ಕದಲ್ಲೇ ಇದ್ದೆ, ನಿಂಗೆ ಗೊತ್ತಾಗ್ಲಿಲ್ವಾ?” ಅಂದಿರಿ.

ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ನೀವು ಬೈಯಲಿಲ್ಲ. ಅವತ್ತಿನಿಂದ ಐದು ವಾರ ಈ ಬೀದಿಗೆ ಕಾಲಿಡಲಿಲ್ಲ. ‘ಅತ್ತಿಗೆಯೇ ಬರಬೇಡ ಅಂದರು’ ಎಂದು ಸಭೆಯಲ್ಲಿ ಹೇಳಿಕೊಂಡು ತಿರುಗಿದೆ. ಅದು ಸುಳ್ಳು. ಕ್ಷಮಿಸಿ ಎಂದು ಬರೆಯುವ ಮುಂಚೆ ಈ ಪೆನ್ನು ಎಷ್ಟು ಹೊತ್ತು ನಿಂತಿತು ಗೊತ್ತಾ? ಕ್ಷಮಿಸಿ ಅತ್ತಿಗೆ.

ಇನ್ನೂ ಒಂದಿದೆ. ಹಿಂದೊಮ್ಮೆ ಹೆಂಗಸರ ಕೂಟದಲ್ಲಿ ಪ್ರಾರ್ಥನೆ ಮಾಡಿ ಎಂದು ನಿಮ್ಮನ್ನು ಎಬ್ಬಿಸಿ ನಿಲ್ಲಿಸಿದ್ದೆ. ನೀವು ಉಗುರಿನ ಸಂದಿಯ ಹಿಟ್ಟು ಕೆರೆಯುತ್ತಾ “ನಿಂಗೆ ಗೊತ್ತಲ್ಲಪ್ಪಾ” ಅಂದು ಕೂತುಬಿಟ್ಟಿರಿ. ದಾರಿಯುದ್ದಕ್ಕೂ ನಿಮಗೆ ಪಾಠ ಮಾಡಿದೆ, ದೇವರ ಹತ್ತಿರ ಮಾತಾಡುವುದಕ್ಕೂ ಒಂದು ಕ್ರಮವಿದೆ ಎಂದು. ನೀವು ಹೂಂ ಹೂಂ ಅನ್ನುತ್ತಲೇ ಇದ್ದಿರಿ. ದೇವರೂ ಅವತ್ತು ನನ್ನ ಮಾತಿಗೆ ಹೂಂ ಹೂಂ ಅನ್ನುತ್ತಿದ್ದನೇನೋ, ಪಾಪ.

ಸರಿ, ಇವತ್ತಿಗೆ ಬಂದೆ! ಹೊಸ ದೇವಾಲಯದ ಪ್ರತಿಷ್ಠೆ, ಮುಖ್ಯ ಪ್ರಾರ್ಥನೆ ನನ್ನದು. ಮೂರು ವಾರ ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದ್ದೆ. ಮೂರು ಹಾಳೆ ತುಂಬ ಬರೆದಿದ್ದೆ. ನೀವೀಗ ಓದುತ್ತಿರುವುದು ಅದೇ ಹಾಳೆಗಳ ಬೆನ್ನು. ಆ ಕಡೆ ತಿರುಗಿಸಬೇಡಿ, ಓದಿ ಮುಗಿದ ಮೇಲೆ ಒಲೆ ಹಚ್ಚಿಕೊಳ್ಳಿ.

ಮೈಕಿನ ಮುಂದೆ ನಿಂತೆ. ಪಕ್ಕದ ಮೇಜಿನ ಮೇಲೆ ಕರ್ತನ ಭೋಜನಕ್ಕೆ ಮುರಿದು ಹಂಚುವ ರೊಟ್ಟಿ. ಎಂದಿನಂತೆ ಯಾರೂ ಬರುವ ಮೊದಲೇ ನೀವು ತಂದಿಟ್ಟು ಹೋಗಿದ್ದಿರಿ. ಪಾಸ್ಟರ್ ಬಟ್ಟೆ ಸರಿಸಿದರು.

ರೊಟ್ಟಿಯ ಮೇಲೆ ಬ್ಲೇಡಿನಿಂದ ಶಿಲುಬೆ ಗೀರುವುದು ಹುಡುಗನಾಗಿದ್ದಾಗಿನಿಂದ ಅಣ್ಣನ ಕೆಲಸ. ಅಡ್ಡಗೆರೆ ಮುಗಿಯುವಾಗ ಬ್ಲೇಡನ್ನು ಚಕ್ಕನೆ ಮೇಲೆತ್ತುವ ಚಾಳಿ ಅವನದು, ಬಲತುದಿಯಲ್ಲಿ ಪುಟ್ಟದೊಂದು ಬಾಲ ಉಳಿಯುತ್ತಿತ್ತು. “ಶಿಲುಬೆಗೆ ಬಾಲ ಯಾಕೋ, ಅದೇನು ಕೋತಿನಾ?” ಎಂದು ಅಪ್ಪ ಬೈಯುತ್ತಿದ್ದರು. ಹುಟ್ಟುಗುಣ ಸುಟ್ಟರೂ ಹೋಗದು, ಭಟ್ಟಿಗೆ ಹಾಕಿ ಸುಟ್ಟರೂ ಆ ಬಾಲ ಹೋಗಲಿಲ್ಲ. ಅಣ್ಣ ಮಲಗಿದ ಮೇಲೆ ಗೀರುತ್ತಿದ್ದವರು ನೀವು. ನಿಮ್ಮದು ಅಳತೆಪಟ್ಟಿ ಇಟ್ಟಂತೆ ನೇರ. ಆರು ವಾರ ಆ ನೇರ ಶಿಲುಬೆ ಕಂಡಾಗಲೆಲ್ಲ ನಾನು ಮುಖ ತಿರುಗಿಸಿದ್ದೇನೆ.

ಇವತ್ತಿನದು ಸೊಟ್ಟ! ಕುಡಿದವನು ನಡೆದ ಹಾಗೆ ಅಲ್ಲೊಂದು ವಾಲು, ಇಲ್ಲೊಂದು ವಾಲು. ಅಡ್ಡಗೆರೆಯ ತುದಿಯಲ್ಲಿ ಬಾಲ! ಆದರೆ ಎಡತುದಿಯಲ್ಲಿ. ಯಾಕೆ ಎಡಕ್ಕೆ ಎಂದು ಒಂದು ಕ್ಷಣ ತಿಳಿಯಲಿಲ್ಲ. ಆಮೇಲೆ ಹೊಳೆಯಿತು. ಎಡಗೈ! ಅಣ್ಣ ಮೇಜಿನ ಮುಂದೆ ಕೂತಿದ್ದಾನೆ, ಎಡಗೈಯಲ್ಲಿ ಬ್ಲೇಡು ಹಿಡಿದಿದ್ದಾನೆ, ಕೊನೆಯಲ್ಲಿ ಚಕ್ಕನೆ ಎತ್ತಿದ್ದಾನೆ!

ಮೂರು ಹಾಳೆಯಲ್ಲಿ ಒಂದು ಪದವೂ ಬಾಯಿಗೆ ಬರಲಿಲ್ಲ. ಮೈಕಿಗೆ ಬಾಯಿಟ್ಟು ಕಿರುಚಿಬಿಟ್ಟೆ. “ಅಯ್ಯೋ ದೇವ್ರೇ, ನಮ್ಮಣ್ಣ ಎದ್ದು ಕೂತಿದಾನೆ!”

ಮೈಕು ಕುಂಯ್ ಅಂದಿತು. ಮುಂದಿನ ಸಾಲಿನಲ್ಲಿದ್ದ ಕಾರ್ಯದರ್ಶಿ ಬೆಚ್ಚಿ ಕನ್ನಡಕ ಬೀಳಿಸಿಕೊಂಡರು. ಹಿಂದಿನಿಂದ ಯಾರೋ ಅಭ್ಯಾಸಬಲದಿಂದ ‘ಆಮೆನ್’ ಅಂದರು. ನನಗೆ ಅಳು, ನಗು ಎರಡೂ ಒಟ್ಟಿಗೆ. ಮೂಗು ಸೋರುತ್ತಿದೆ, ಒರೆಸಿಕೊಳ್ಳುವ ಪರಿವೆಯೂ ಇಲ್ಲ. “ಬಾಲ ನೋಡಿ, ಬಾಲ ನೋಡಿ” ಎಂದು ರೊಟ್ಟಿ ತೋರಿಸುತ್ತಿದ್ದೇನೆ, ತಲೆ ಕೆಟ್ಟಿದೆ ಎಂದುಕೊಂಡಿರಬೇಕು ಜನ. ಪಾಸ್ಟರ್ ಹತ್ತಿರ ಬಂದು ಮೆಲ್ಲಗೆ, “ಪ್ರಾರ್ಥನೆ ಶುರು ಮಾಡ್ತೀರಾ?” ಅಂದರು.

“ಆಯ್ತಲ್ಲ ಪಾಸ್ಟರ್, ಅದೇ” ಅಂದೆ. ಓಡಿಬಂದೆ.

ಅತ್ತಿಗೆ, ನಲವತ್ತು ವರ್ಷ ಪ್ರಾರ್ಥನೆ ಮಾಡಿದ್ದೇನೆ. ಎದುರಿಗೆ ಯಾರಿದ್ದಾರೆ ಎನ್ನುವುದು ಮರೆತುಹೋದದ್ದು ಇವತ್ತೇ. ಸಂತೋಷ ತಡೆಯಲಾಗುತ್ತಿಲ್ಲ. ಜೊತೆಗೆ ನಾಚಿಕೆ. ಅಣ್ಣ ಎದ್ದು ಕೂತ ಸುದ್ದಿಯನ್ನು ಹೊರಗಿನವಳ ಹಾಗೆ ರೊಟ್ಟಿ ನೋಡಿ ತಿಳಿದುಕೊಳ್ಳಬೇಕಾಯಿತು, ತಂಗಿಯಾಗಿ.

ಮೂರನೆಯ ಹಾಳೆ ಮುಗಿಯುತ್ತಾ ಬಂತು. ಇದನ್ನು ಶಟರ್ ಕೆಳಗೆ ತೂರಿಸಿ ಹಿಂಬಾಗಿಲಿಗೆ ಬರುತ್ತೇನೆ. ಒಬ್ಬಳೇ ಬರುತ್ತೇನೆ. ಪ್ರಾರ್ಥನೆ ಮಾಡುವುದಿಲ್ಲ, ಒಗೆಯುವ ದುಪ್ಪಟಿಗಳನ್ನು ನನಗೆ ಕೊಡಿ. ಅಣ್ಣನೇ ಮಾಡು ಅಂದರೆ ಮಾತ್ರ ಮಾಡುತ್ತೇನೆ, ಈ ಸಲ ಬದುಕಿರುವವನಿಗೆ ಮಾಡುವುದನ್ನೇ. ಬಾಗಿಲು ತೆರೆಯಲು ಮನಸ್ಸಾಗದಿದ್ದರೆ ತೆರೆಯಬೇಡಿ, ನಾಳೆ ಬರುತ್ತೇನೆ. ನಾಡಿದ್ದೂ ಬರುತ್ತೇನೆ. ಇನ್ನೇನು ಹೇಳಲಿ, ನಿಮಗೆ ಗೊತ್ತಲ್ಲ.

ದೇವರು ಅಣ್ಣನ ಎಡಗೈಗೆ ಬಲ ಕೊಡಲಿ, ನಿಮ್ಮ ಎರಡೂ ಕೈಗಳಿಗೆ ಬಿಡುವು ಕೊಡಲಿ.

ಹಿಂಬಾಗಿಲ ಹೊರಗೆ ನಿಂತಿರುವ,
ನಿಮ್ಮ ಪುಟ್ಟಿ