ಪ್ಲಾಂಟಿಗೆ ಕಂಬಳಿ ಒಯ್ಯಬ್ಯಾಡ

ಸದಾಶಿವ,

ನಾ ಅಪ್ಪಗ ಗಂಜಿ ತಗೊಂಡು ಗೋಕಾಕ ದವಾಖಾನಿಗೆ ಹೊಂಟೇನಿ. ಬುಟ್ಟ್ಯಾಗ ರೊಟ್ಟಿ ಅದಾವ.

ನಿನ್ನ ಕಂಬಳಿ ಹುಡುಕಬ್ಯಾಡ. ಕುರಿ ಉಣ್ಣಿ ಕತ್ತರಸೂ ಕತ್ತರಿಲೆ ಚೂರಚೂರ ಮಾಡಿ ತಿಪ್ಪಿಗೆ ಒಗದೇನಿ. ದೇವರ ಕಂಬಳಿ, ಹಿರ್ಯಾರ ಕಂಬಳಿ ಅಂತ ನನ್ನ ಮುಂದ ಒದರಬ್ಯಾಡ. ಗ್ಯಾಸ್ ಪ್ಲಾಂಟಿನ್ಯಾಗ ಉಣ್ಣಿ ಹೊಚಗೋಬ್ಯಾಡ್ರಿ, ತಿಕ್ಕಿದ್ರ ಕಿಡಿ ಹಾರತೈತಿ ಅಂತ ಹೇಳಿ ಹೇಳಿ ಸಾಹೇಬನ ಬಾಯಿ ಸೋತಿತ್ತು. ಅಪ್ಪ ಕೇಳಲಿಲ್ಲ. ಟ್ಯಾಂಕರಿನ ಪೈಪ್ ಬಿಚ್ಚೂಮುಂದ ಮೈಮ್ಯಾಗಿನ ಕಂಬಳಿ ಜಗ್ಗಿದ, ಭಗ್ ಅಂತ ಹತ್ತಿತು. ಎರಡೂ ಕೈಯಿನ ಚರ್ಮ ಅಂಗಿ ತೋಳಿನಂಗ ಸುಲದ ಬಂತು. ಅದನ್ನ ಕಣ್ಣಾರೆ ನೋಡಿನೂ ನೀ ನಿನ್ನಿ ಕಂಬಳಿ ಹೊಚಗೊಂಡು ಕೆಲಸಕ್ಕ ಹೋದಿ!

ಚಳಿ ಆದ್ರ ಎರಡು ಹತ್ತಿ ಅಂಗಿ ಹಾಕ್ಕೋ.

ಸಿಟ್ಟ ಬಂದ್ರ ದವಾಖಾನಿಗೆ ಬಂದು ನನ್ನ ಬಡಿ. ಬಡ್ಯಾಕ ನಿನಗ ಕೈಯರ ಉಳದಾವ.

ಅನ್ನಪೂರ್ಣಕ್ಕ